ನೀರಿನ ಕೊರತೆ: ಗೆರೆ ಎಳೆದಂತೆ ಲೆಕ್ಕ

ವರ್ಷಕ್ಕೆ ತಲಾ 1,700 ಘನ ಮೀಟರಿಗಿಂತ ಕಡಿಮೆ ನೀರಿರುವ ದೇಶ ಒತ್ತಡದಲ್ಲಿದೆ; 1,000ಕ್ಕಿಂತ ಕೆಳಗಿಳಿದರೆ ಅದು ಕೊರತೆ. 1980ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಜಲವಿಜ್ಞಾನಿ ಮಾಲಿನ್ ಫಾಲ್ಕೆನ್‌ಮಾರ್ಕ್ ರೂಪಿಸಿದ ಈ ಅಳತೆಗೋಲೇ ಇಂದಿಗೂ ಚಾಲ್ತಿಯಲ್ಲಿದೆ. ಭಾರತದ ತಲಾ ಲಭ್ಯತೆ 2001ರಲ್ಲಿ 1,816 ಇದ್ದದ್ದು 2011ಕ್ಕೆ 1,545ಕ್ಕೆ ಇಳಿಯಿತು. ಲೆಕ್ಕವೇನೋ ಸರಿಯೇ. ಆದರೆ ಬ್ರಹ್ಮಪುತ್ರದ ಪ್ರವಾಹವನ್ನೂ ಸೇರಿಸಿ ಹಂಚಿದ ಈ ಸರಾಸರಿಯನ್ನು ಸಾವಿರ ಅಡಿ ಕೊರೆಸಿದ ಕೋಲಾರದ ರೈತ ಏನು ಮಾಡಿಕೊಳ್ಳಬೇಕು?

ಕರ್ನಾಟಕದಲ್ಲಿ ಅಂತರ್ಜಲಕ್ಕೆ ತಾಲ್ಲೂಕೇ ಲೆಕ್ಕದ ಘಟಕ. ವರ್ಷದಲ್ಲಿ ತೆಗೆಯಬಹುದಾದ ನೀರಿನ ಶೇ 100ನ್ನು ಮೀರಿ ಎತ್ತಿದರೆ ‘ಅತಿಬಳಕೆ’, 70ರೊಳಗಿದ್ದರೆ ‘ಸುರಕ್ಷಿತ’. ಗಟ್ಟಿಬಂಡೆಯ ನೆಲದಲ್ಲಿ ಒಂದು ಕೊಳವೆಬಾವಿ ಬತ್ತಿದ್ದಾಗ ನೂರಡಿ ಆಚೆಯದು ಉಕ್ಕುತ್ತಿರಬಹುದು. ತಾಲ್ಲೂಕಿನ ಸರಾಸರಿಗೆ ಅದು ಕಾಣುವುದಿಲ್ಲ. ಕರಾವಳಿಯದು ಇನ್ನೊಂದು ಕಥೆ. ಮೂರು ಸಾವಿರ ಮಿ.ಮೀ. ಮೀರಿ ಮಳೆ ಸುರಿದರೂ ಮುರಕಲ್ಲಿನ ನೆಲದಲ್ಲಿ ನೀರು ಬಹುಕಾಲ ನಿಲ್ಲದೆ ಏಪ್ರಿಲ್–ಮೇನಲ್ಲಿ ಊರೂರಿಗೆ ಟ್ಯಾಂಕರ್ ಬರುತ್ತದೆ. ಅಲ್ಲಿ ತಪ್ಪುವುದು ಜಾಗದ ಅಳತೆಯಲ್ಲ, ಕಾಲದ ಅಳತೆ. ಬೆಳೆವಿಮೆಗೆ ಮುಖ್ಯ ಬೆಳೆಗಳ ಮಟ್ಟಿಗೆ ಗ್ರಾಮ ಪಂಚಾಯಿತಿಯವರೆಗೆ ಇಳಿಯುವ ಸರ್ಕಾರ ಬರ ಘೋಷಿಸುವುದು ಮಾತ್ರ ತಾಲ್ಲೂಕುವಾರು: 2023ರಲ್ಲಿ 236ರಲ್ಲಿ 223 ತಾಲ್ಲೂಕುಗಳು ಬರಪೀಡಿತ.

ಗೆರೆಯ ಬೆಲೆ ಎಷ್ಟೆಂದು ಬೆಂಗಳೂರಿಗೆ ಚೆನ್ನಾಗಿ ಗೊತ್ತು. ನಗರ ಕೂತಿರುವುದು ದಿಣ್ಣೆಯ ಮೇಲೆ. ಪಶ್ಚಿಮಕ್ಕೆ ಇಳಿದ ಮಳೆನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ. ಪೂರ್ವಕ್ಕೆ ಇಳಿದದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ನಗರದ ಮೂರನೇ ಒಂದು ಭಾಗವಷ್ಟೇ ಕಾವೇರಿ ಕಣಿವೆಯಲ್ಲಿದೆ ಎಂದು 2007ರಲ್ಲಿ ಕಾವೇರಿ ನ್ಯಾಯಮಂಡಳಿ ಅಷ್ಟು ಭಾಗದ ಜನರಿಗೆ ಮಾತ್ರ ಕುಡಿಯುವ ನೀರು ಲೆಕ್ಕ ಹಾಕಿತು. ಅದರಲ್ಲೂ ಅರ್ಧವನ್ನು ಅಂತರ್ಜಲದ ತಲೆಗೆ ಕಟ್ಟಿತು. ನಕ್ಷೆಯ ಪ್ರಕಾರ ತಪ್ಪಿರಲಿಲ್ಲ, ಆದರೆ ನಲ್ಲಿಗೆ ಕಣಿವೆ ಗೊತ್ತಿಲ್ಲವಲ್ಲ! 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿ ಬೆಂಗಳೂರಿಗೆಂದು 4.75 ಟಿಎಂಸಿ ಹೆಚ್ಚುವರಿಯಾಗಿ ಕೊಟ್ಟಿತು. ತಮಿಳುನಾಡಿನ ಅಂತರ್ಜಲವನ್ನು ಗಣನೆಗೆ ತೆಗೆದುಕೊಂಡು ಸಿಕ್ಕ 10 ಟಿಎಂಸಿಯೂ ಸೇರಿ ಕರ್ನಾಟಕದ ಪಾಲು 270ರಿಂದ 284.75ಕ್ಕೆ ಏರಿತು.

ಅದೇ ವರ್ಷ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ನಗರಗಳು ಕುಡಿಯಲು ಪಡೆದ ನೀರಿನಲ್ಲಿ ಶೇ 20 ಮಾತ್ರ ಖರ್ಚಾಗಿ ಉಳಿದದ್ದು ನದಿಗೆ ಮರಳುತ್ತದೆ ಎಂಬುದು ನ್ಯಾಯಮಂಡಳಿಯ ಲೆಕ್ಕ. ದಿಣ್ಣೆ ಏರಿಸಿ ತಂದು, ಬಳಸಿ, ಪೂರ್ವಕ್ಕೆ ಬಿಟ್ಟ ಕಾವೇರಿ ನೀರು ಈಗ ಕೋಲಾರದ ಕೆರೆಗಳಲ್ಲಿ ಇಂಗುತ್ತಿದೆ. ಅದನ್ನು ಯಾವ ಕಣಿವೆಯ ಖಾತೆಗೆ ಬರೆಯಬೇಕು ಎಂಬುದು ಮುಂದಿನ ವ್ಯಾಜ್ಯದ ವಿಷಯವಾದರೂ ಆಶ್ಚರ್ಯವಿಲ್ಲ.