ಗ್ರೇಟ್ ಸರ್ಕಲ್ ದೂರ: ಸಾಂಬ್ರಾದಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 13,800 ಕಿ.ಮೀ. ಇದನ್ನು ಗಂಟೆಗೆ 850 ಕಿ.ಮೀ. ವೇಗದಿಂದ ಭಾಗಿಸಿದರೆ 16 ಗಂಟೆ ಚಿಲ್ಲರೆ ಆಯಿತು. ಆದರೆ ಸಾಂಬ್ರಾದಿಂದ ಅಲ್ಲಿಗೆ ನೇರ ವಿಮಾನವೇ ಇಲ್ಲ. ಮತ್ತೆ ಈ 13,800 ಎಲ್ಲಿಂದ ಬಂತು?

ಇದು ಗ್ರೇಟ್ ಸರ್ಕಲ್ ದೂರ. ಶಾಲೆಯ ಪುಸ್ತಕದಲ್ಲಿ ಮಹಾವೃತ್ತ ಅಂತ ಓದಿರುತ್ತೀರಿ. ಭೂಮಿಯನ್ನು ಸರಿಯಾಗಿ ಎರಡು ಸಮ ಹೋಳು ಮಾಡುವ ವೃತ್ತವೇ ಮಹಾವೃತ್ತ. ಸಮಭಾಜಕ ವೃತ್ತವೂ ಅಂಥದ್ದೇ ಒಂದು. ಎರಡು ಊರುಗಳ ಮೇಲೆ ಹಾಯುವ ಇಂಥ ವೃತ್ತದಲ್ಲಿ ಅವುಗಳ ನಡುವಿನ ಚಿಕ್ಕ ತುಂಡೇ ಅತಿ ಹತ್ತಿರದ ದಾರಿ. ಎರಡೂ ಕಡೆಯ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಲೆಕ್ಕ ಮುಗಿಯಿತು. ವಿಮಾನ ಇದೆಯೋ ಇಲ್ಲವೋ ಅದಕ್ಕೆ ಬೇಕಾಗಿಲ್ಲ.

ಗೋಡೆಗೆ ನೇತುಹಾಕುವ ಭೂಪಟ ಇಲ್ಲಿ ನಮ್ಮನ್ನು ಚೆನ್ನಾಗಿ ಯಾಮಾರಿಸುತ್ತದೆ. ಸ್ಕೇಲ್ ಇಟ್ಟು ಬೆಳಗಾವಿಯಿಂದ ಗೆರೆ ಎಳೆಯಿರಿ. ಅದು ಅರಬ್ಬಿ ಸಮುದ್ರ, ಸಹಾರಾ ಮರುಭೂಮಿ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಆ ದಾರಿ ಹಿಡಿದರೆ 19,000 ಕಿ.ಮೀ. ಮೇಲೆಯೇ ಆದೀತು! ಈಗ ಗ್ಲೋಬ್ ತಗೊಂಡು ಎರಡು ಊರಿನ ನಡುವೆ ದಾರ ಬಿಗಿಯಾಗಿ ಎಳೆಯಿರಿ. ದಾರ ಪಶ್ಚಿಮಕ್ಕೆ ಹೋಗುವುದೇ ಇಲ್ಲ. ಸೀದಾ ಉತ್ತರಕ್ಕೆ ಏರಿ ಹಿಮಾಲಯ, ಸೈಬೀರಿಯಾ ದಾಟುತ್ತದೆ. ಆರ್ಕ್ಟಿಕ್ ಸಾಗರ ಸವರಿಕೊಂಡು ಅಲಾಸ್ಕಾ ಮೇಲಿಂದ ಇಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದಾಗ ಬಂದದ್ದು ಉತ್ತರ ಧ್ರುವದ ಕಡೆಯಿಂದಲೇ.

ಆ ವಿಮಾನ ಅಲ್ಲಿಂದ ಹೊರಟಿದ್ದು 9ನೇ ತಾರೀಖು ರಾತ್ರಿ, ಬೆಂಗಳೂರಿಗೆ ಇಳಿದದ್ದು 11ರ ನಸುಕಿನಲ್ಲಿ. ಎರಡು ದಿನ ಹಾರಿತು ಅಂದುಕೊಳ್ಳಬೇಡಿ, ಹಾರಿದ್ದು ಸುಮಾರು 17 ಗಂಟೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದೆ ಇರುತ್ತದೆ, ಅಷ್ಟೇ.

ದೂರ ಒಂದೇ ಇದ್ದರೂ ಹೊತ್ತು ಒಂದೇ ಇರುವುದಿಲ್ಲ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಬೀಸುತ್ತದೆ. ಅದಕ್ಕೇ ಮುಂಬೈಯಿಂದ ಲಂಡನ್‌ಗೆ ಹೋಗುವುದಕ್ಕಿಂತ ವಾಪಸ್ ಬರುವುದು ಸಾಮಾನ್ಯವಾಗಿ ಬೇಗ. ಜಗಳವೂ ದಾರಿ ಉದ್ದ ಮಾಡುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ದಿಲ್ಲಿಯಿಂದ ಪಶ್ಚಿಮಕ್ಕೆ ಹಾರುವ ನಮ್ಮ ವಿಮಾನಗಳು ಸುತ್ತು ಹಾಕಬೇಕಾಯಿತು.

ಟಿಕೆಟ್‌ನಲ್ಲಿ ಬರೆಯುವ ಸಮಯಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ನಿಂತ ಜಾಗದಿಂದ ವಿಮಾನ ಅಲುಗಾಡಿದ ಗಳಿಗೆಯಿಂದ, ಆ ಊರಲ್ಲಿ ಮತ್ತೆ ನಿಲ್ಲುವ ತನಕ. ರನ್‌ವೇಗೆ ಸರತಿಯಲ್ಲಿ ಕಾಯುವುದೂ ಅದರೊಳಗೇ ಬಂತು.

ಇನ್ನು ನಮ್ಮ ಪಾಡು. ಸಾಂಬ್ರಾದಿಂದ ಬೆಂಗಳೂರು ವಿಮಾನ ನಿಲ್ದಾಣ ಆಕಾಶ ದಾರಿಯಲ್ಲಿ ಸುಮಾರು 445 ಕಿ.ಮೀ., ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000. ಎರಡೂ ಸೇರಿಸಿದರೆ ನೇರ ದೂರಕ್ಕಿಂತ ಆರುನೂರು ಕಿ.ಮೀ. ಚಿಲ್ಲರೆ ಜಾಸ್ತಿ. ವಿಮಾನಕ್ಕೆ ಅದು ಮುಕ್ಕಾಲು ಗಂಟೆಯ ಮಾತು. ಸಮಯ ತಿನ್ನುವುದು ನಡುವಿನ ಕಾಯುವಿಕೆ: ಬ್ಯಾಗ್, ಇಮಿಗ್ರೇಶನ್, ಮುಂದಿನ ವಿಮಾನದ ಹೊತ್ತು. ಹಾಗಾಗಿ ಮಗಳನ್ನು ನೋಡಲು ಹೊರಟ ಅಪ್ಪ-ಅಮ್ಮನಿಗೆ ಟಿಕೆಟ್ ಮಾಡಿಸುವಾಗ ಕಿ.ಮೀ. ಬಿಟ್ಟುಬಿಡಿ, ಒಟ್ಟು ಪ್ರಯಾಣದ ಗಂಟೆ ನೋಡಿ. ಬೆಳಗಾವಿಯಿಂದ ಕೊನೆಯ ಊರಿನ ತನಕ ಒಂದೇ ಟಿಕೆಟ್‌ನಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನ ವಿಮಾನ ಹತ್ತಿಸುವ ಹೊಣೆ ಸಾಮಾನ್ಯವಾಗಿ ಕಂಪನಿಯದೇ ಆಗಿರುತ್ತದೆ.