ಕರೆಂಟು ಹೋದಾಗ ಕಡತಕ್ಕೆ ಏನಾಗುತ್ತದೆ?

ಹೊಸನಗರ ತಾಲ್ಲೂಕಿನ ನಮ್ಮ ಊರಿನಲ್ಲಿ ಪುನರ್ವಸು ಮಳೆ ಹಿಡಿಯಿತೆಂದರೆ ಕರೆಂಟಿನ ಮೇಲೆ ಭರವಸೆ ಇಟ್ಟುಕೊಳ್ಳುವಂತಿಲ್ಲ. ವಿದ್ಯುತ್ ತಂತಿಗಳು ಕಾಡಿನ ನಡುವೆ, ಮರಗಳ ಸಂದಿಯಲ್ಲಿ ಹಾದು ಬರುವುದರಿಂದ ಎಲ್ಲೋ ಒಂದು ಕೊಂಬೆ ಮುರಿದು ಬಿದ್ದರೂ ಇಡೀ ಹಳ್ಳಿ ಕತ್ತಲಾಗುತ್ತದೆ. ಲೈನ್‌ಮನ್‌ಗಳು ಉಂಬಳಗಳ ನಡುವೆ ಕಾಡು ನುಗ್ಗಿ ತಂತಿ ಹುಡುಕಿ ಸರಿಪಡಿಸುವಷ್ಟರಲ್ಲಿ ಎರಡು ದಿನವೂ ಆಗಬಹುದು, ಮೂರು ದಿನವೂ ಆಗಬಹುದು.

ಹೋದ ವರ್ಷ ಆಷಾಢದ ಒಂದು ಸಂಜೆ ನಾನು ಊರಿನ ಹಾಲು ಸಂಘದ ವಾರದ ಲೆಕ್ಕವನ್ನು ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲಿ ತುಂಬುತ್ತ ಕುಳಿತಿದ್ದೆ. ನನ್ನ ಲ್ಯಾಪ್‌ಟಾಪ್ 2012ರಲ್ಲಿ ಕೊಂಡದ್ದು. ಅದರ ಬ್ಯಾಟರಿ ಕೆಟ್ಟು ಆರು ವರ್ಷವಾಗಿರುವುದರಿಂದ ಗೋಡೆಯ ಪ್ಲಗ್ಗಿನಲ್ಲಿ ಕರೆಂಟು ಇದ್ದಷ್ಟು ಹೊತ್ತು ಮಾತ್ರ ಅದಕ್ಕೆ ಜೀವ. ಮನೆಯ ಇನ್ವರ್ಟರ್ ದೀಪಗಳಿಗಷ್ಟೇ ಸಾಕಾಗುತ್ತದೆ. ಹೊಳೆಯ ಆಚೆ ಮರ ಮುರಿದ ಸದ್ದಾಯಿತು, ಪರದೆ ಆರಿತು. ಮೂರನೆಯ ದಿನ ಮಧ್ಯಾಹ್ನ ಕರೆಂಟು ಬಂದ ಮೇಲೆ ಗುಂಡಿ ಒತ್ತಿದಾಗ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಮೂಡಿ ಕ್ಷಣದಲ್ಲಿ ಮರೆಯಾಯಿತು. ಜರ್ನಲ್ಲನ್ನು ಓದಿಕೊಂಡು ಚೇತರಿಸಿಕೊಳ್ಳುತ್ತಿದ್ದೇನೆ ಎಂಬುದು ಅದರ ಸಾರ. ಕಡತ ತೆರೆದಾಗ ಕೊನೆಯ ಮೂರು ಸಾಲುಗಳು ಇರಲಿಲ್ಲ, ಉಳಿದದ್ದೆಲ್ಲ ಇತ್ತು. ಒಂದು ಕಪ್ಪು ಪರದೆಯ ಮೇಲೆ ಮಿಂಚಿ ಹೋದ ಆ ಸಾಲಿನ ಹಿಂದೆ ಏನೇನು ನಡೆದಿರುತ್ತದೆ ಎನ್ನುವುದನ್ನು ನಾನು ವರ್ಷಗಳ ಕಾಲ ಆಸಕ್ತಿಯಿಂದ ಓದಿ ತಿಳಿದುಕೊಂಡಿದ್ದೇನೆ. ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ, ಎಂದರೆ ಮೂಲವನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ, ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಹೀಗೆ ಓದಿ ತಿಳಿದುಕೊಳ್ಳಲು ಅದು ಬಿಟ್ಟುಕೊಟ್ಟದ್ದರಿಂದಲೇ.

ಡಿಸ್ಕಿನ ಮೇಲೆ ಒಂದು ಕಡತವನ್ನು ಉಳಿಸುವುದು ನಮಗೆ ಒಂದೇ ಕೆಲಸವಾಗಿ ಕಾಣುತ್ತದೆ. ಯಂತ್ರಕ್ಕೆ ಅದು ಹಲವು ಕೆಲಸ. ಖಾಲಿ ಇರುವ ಜಾಗವನ್ನು ಹುಡುಕಿ, ಅದು ಇನ್ನು ಖಾಲಿಯಲ್ಲ ಎಂದು ಒಂದು ಕಡೆ ಗುರುತು ಹಾಕಬೇಕು. ಆ ಜಾಗದಲ್ಲಿ ನಮ್ಮ ಬರಹವನ್ನು ಇಳಿಸಬೇಕು. ಈ ಹೆಸರಿನ ಕಡತದ ಬರಹ ಇಂತಿಂಥ ಜಾಗದಲ್ಲಿದೆ, ಇಷ್ಟು ಉದ್ದವಿದೆ ಎಂದು ಇನ್ನೊಂದು ಕಡೆ ದಾಖಲಿಸಬೇಕು. ಇವೆಲ್ಲ ಡಿಸ್ಕಿನ ಬೇರೆ ಬೇರೆ ಮೂಲೆಗಳಲ್ಲಿ, ಒಂದರ ನಂತರ ಒಂದಾಗಿ ನಡೆಯುತ್ತವೆ. ನಡುವೆ ಕರೆಂಟು ಹೋದರೆ ಒಂದು ದಾಖಲೆ ಹೇಳುವುದಕ್ಕೂ ಮತ್ತೊಂದು ಹೇಳುವುದಕ್ಕೂ ತಾಳೆಯಾಗುವುದಿಲ್ಲ. ಒಂದೇ ಜಾಗವನ್ನು ಎರಡು ಕಡತಗಳು ತಮ್ಮದೆಂದು ಹೇಳಿಕೊಳ್ಳುವ ಸ್ಥಿತಿಯೂ ಬರಬಹುದು. 1990ರ ದಶಕದ ಲಿನಕ್ಸಿನಲ್ಲಿ ಬಳಕೆಯಲ್ಲಿದ್ದ ಎಕ್ಸ್ಟ್2 ಎಂಬ ಕಡತ ವ್ಯವಸ್ಥೆಯಲ್ಲಿ ಇದಕ್ಕೆ ಇದ್ದ ಪರಿಹಾರ ಒಂದೇ: ಮರಳಿ ಚಾಲೂ ಆದಾಗ ಇಡೀ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ತಪಾಸಣೆ ಮಾಡುವುದು. ಡಿಸ್ಕು ದೊಡ್ಡದಾದಷ್ಟೂ ಕಾಯುವ ಹೊತ್ತು ಹೆಚ್ಚು.

ಇದಕ್ಕೆ ಕಂಡುಕೊಂಡ ಉಪಾಯವನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ತಂದೆ. ಅವರು ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಚಿಕ್ಕವನಿದ್ದಾಗ ರಜೆಯ ದಿನಗಳಲ್ಲಿ ಅವರ ಮೇಜಿನ ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ರೈತರ ರಾಶಿ, ಬೆಟ್ಟೆ, ಗೊರಬಲು ಅಡಿಕೆಯ ಚೀಲಗಳು ತಕ್ಕಡಿಗೆ ಏರಿ ಇಳಿಯುತ್ತಿದ್ದಂತೆ ತೂಕ, ದರ, ಹೆಸರು ಎಲ್ಲವೂ ನಡೆದ ಅನುಕ್ರಮದಲ್ಲೇ ಕೆಂಪು ರಟ್ಟಿನ ಉದ್ದನೆಯ ಕಿರ್ದಿ ಪುಸ್ತಕಕ್ಕೆ ಸೇರುತ್ತಿದ್ದವು. ಒಬ್ಬೊಬ್ಬ ರೈತನ ಖಾತೆಯ ಪುಟವನ್ನು ತೆರೆದು ಜಮೆ ಮತ್ತು ಖರ್ಚನ್ನು ಏರಿಸುವ ಖತಾವಣಿಯ ಕೆಲಸ ಸಂಜೆ, ಗಿರಾಕಿಗಳೆಲ್ಲ ಹೋದ ಮೇಲೆ. ಖತಾವಣಿ ಅರ್ಧಕ್ಕೆ ನಿಂತು ಮನೆಗೆ ಹೊರಡಬೇಕಾದ ದಿನವೂ ಅವರಿಗೆ ಗಾಬರಿ ಇರುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಕಿರ್ದಿಯನ್ನು ಮುಂದಿಟ್ಟುಕೊಂಡು, ಏರಿಸಿದ ನಮೂದಿನ ಪಕ್ಕದಲ್ಲಿ ಹಾಕಿದ್ದ ಗುರುತು ನೋಡಿ, ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಕಿರ್ದಿಯಲ್ಲೇ ಒಂದು ನಮೂದು ಅರ್ಧ ಬರೆದು ನಿಂತಿದ್ದರೆ ಅದನ್ನು ಖಾತೆಗೆ ಏರಿಸುತ್ತಿರಲಿಲ್ಲ.

ಕಂಪ್ಯೂಟರಿನ ಜರ್ನಲ್ ಇದೇ ಕಿರ್ದಿ. ಸ್ಟೀಫನ್ ಟ್ವೀಡಿ ಎಂಬ ತಂತ್ರಜ್ಞರು ಹಳೆಯ ಎಕ್ಸ್ಟ್2ಕ್ಕೆ ಈ ಕಿರ್ದಿಯನ್ನು ಜೋಡಿಸಿ ಎಕ್ಸ್ಟ್3 ಅನ್ನು ರೂಪಿಸಿದರು. 2001ರ ನವೆಂಬರಿನಲ್ಲಿ ಅದು ಲಿನಕ್ಸಿನ ಮುಖ್ಯ ಕರ್ನೆಲ್ಲಿಗೆ, ಎಂದರೆ ಆ ವ್ಯವಸ್ಥೆಯ ತಿರುಳಿಗೆ, ಸೇರಿತು. ಡಿಸ್ಕಿನ ಒಂದು ಭಾಗವನ್ನು ಜರ್ನಲ್ಲಿಗೆಂದೇ ಮೀಸಲಿಟ್ಟು, ಮಾಡಬೇಕೆಂದಿರುವ ಬದಲಾವಣೆಗಳನ್ನು ಮೊದಲು ಅಲ್ಲಿ ಬರೆದು, ಕೊನೆಯಲ್ಲಿ ನಮೂದು ಪೂರ್ಣವಾಯಿತೆಂಬ ಗುರುತು ಹಾಕಿ, ಆಮೇಲೆ ಅವನ್ನು ಅವುಗಳ ನಿಜವಾದ ಜಾಗಕ್ಕೆ ಏರಿಸಲಾಗುತ್ತದೆ. ಕರೆಂಟು ಹೋಗಿ ಬಂದಾಗ ಇಡೀ ಡಿಸ್ಕನ್ನು ಜಾಲಾಡುವ ಅಗತ್ಯವಿಲ್ಲ. ಪೂರ್ಣವೆಂಬ ಗುರುತಿರುವ ನಮೂದುಗಳನ್ನು ಮತ್ತೊಮ್ಮೆ ಏರಿಸಿ, ಗುರುತಿಲ್ಲದ್ದನ್ನು ಕೈಬಿಟ್ಟರೆ ಲೆಕ್ಕ ಸರಿಹೊಂದುತ್ತದೆ. ಸಾಮಾನ್ಯವಾಗಿ ಇದು ಕೆಲವೇ ಕ್ಷಣಗಳ ಕೆಲಸ. ನನ್ನ ಪರದೆಯ ಮೇಲೆ ಮಿಂಚಿ ಹೋದ ಸಾಲು ಇದನ್ನೇ ಹೇಳುತ್ತಿತ್ತು.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಈಗ ಹೆಚ್ಚಿನ ಲಿನಕ್ಸ್ ಕಂಪ್ಯೂಟರುಗಳಲ್ಲಿರುವ ಎಕ್ಸ್ಟ್4 ವ್ಯವಸ್ಥೆಯ ಜರ್ನಲ್ಲಿನಲ್ಲಿ ಸಾಮಾನ್ಯವಾಗಿ ನಮ್ಮ ಬರಹವೇ ಇರುವುದಿಲ್ಲ. ಬರಹ ಎಲ್ಲಿದೆ ಎಂಬ ದಾಖಲೆಯಷ್ಟೇ ಇರುತ್ತದೆ. ಅದಲ್ಲದೆ ವೇಗಕ್ಕಾಗಿ ಕರ್ನೆಲ್ ಹೊಸ ಬರಹವನ್ನು ಸ್ವಲ್ಪ ಹೊತ್ತು, ಸಾಮಾನ್ಯವಾಗಿ 30 ಸೆಕೆಂಡಿನಷ್ಟು, ಮೆಮೊರಿಯಲ್ಲೇ ಇಟ್ಟುಕೊಂಡು ಒಟ್ಟಿಗೆ ಡಿಸ್ಕಿಗೆ ಇಳಿಸುತ್ತದೆ. ಆದ್ದರಿಂದ ಕೊನೆಯ ಕ್ಷಣಗಳ ಕೆಲಸ ಹೋಗಬಹುದು. ಡಿಸ್ಕಿನ ಒಟ್ಟು ವ್ಯವಸ್ಥೆ ಕೆಡದಂತೆ ಕಾಯುವುದಷ್ಟೇ ಜರ್ನಲ್ಲಿನ ಹೊಣೆ. ಪೆನ್‌ಡ್ರೈವನ್ನು ಏಕಾಏಕಿ ಕಿತ್ತುಕೊಳ್ಳಬಾರದು ಎಂದು ಹೇಳುವುದರ ಕಾರಣವೂ ಇದೇ. ಪರದೆಯ ಮೇಲೆ ನಕಲು ಮುಗಿದಂತೆ ಕಂಡರೂ ಕಡತದ ಒಂದು ಪಾಲು ಇನ್ನೂ ಮೆಮೊರಿಯಲ್ಲೇ ಕಾಯುತ್ತಿರಬಹುದು.

ಜರ್ನಲ್ಲಿನ ವಿದ್ಯೆ ಮುಕ್ತ ತಂತ್ರಾಂಶದವರ ಸ್ವಂತದ್ದೇನಲ್ಲ. ವಿಂಡೋಸಿನ ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆಯಲ್ಲಿ ಅದು 1993ರಿಂದಲೇ ಇದೆ. ಹಾಗಾದರೆ ಮುಕ್ತವಾಗಿರುವುದರಿಂದ ಆದ ಲಾಭವೇನು ಎಂದು ಕೇಳುವವರಿಗೆ ನಾನು 2009ರ ಒಂದು ಪ್ರಸಂಗವನ್ನು ಹೇಳುತ್ತೇನೆ. ಎಕ್ಸ್ಟ್4 ಆಗಷ್ಟೇ ಬಳಕೆಗೆ ಬಂದಿತ್ತು. ಆ ವರ್ಷದ ಆರಂಭದಲ್ಲಿ ಲಿನಕ್ಸಿನ ಒಂದು ರೂಪವಾದ ಉಬುಂಟುವಿನ ಕೆಲವು ಬಳಕೆದಾರರು, ಕಂಪ್ಯೂಟರು ಹಠಾತ್ತನೆ ನಿಂತು ಮತ್ತೆ ಚಾಲೂ ಆದ ಮೇಲೆ ಕೆಲವು ಕಡತಗಳ ಹೆಸರು ಉಳಿದು ಒಳಗಿನದೆಲ್ಲ ಮಾಯವಾಗಿದೆ, ಗಾತ್ರ ಸೊನ್ನೆ ಎಂದು ದೂರು ದಾಖಲಿಸಿದರು. ಎಕ್ಸ್ಟ್4ರ ಮುಖ್ಯ ರೂವಾರಿ ಥಿಯೊಡೋರ್ ತ್ಸೊ ಅದೇ ದೂರಿನ ಕೆಳಗೆ ಕಾರಣ ವಿವರಿಸಿದರು. ಹೊಸ ವ್ಯವಸ್ಥೆ ಬರಹಕ್ಕೆ ಜಾಗ ಗೊತ್ತುಮಾಡುವುದನ್ನು ಆದಷ್ಟು ಮುಂದೂಡುತ್ತದೆ. ಹಳೆಯ ಕಡತದ ಬದಲಿಗೆ ಹೊಸದನ್ನಿಡುವ ತಂತ್ರಾಂಶಗಳು, ಇದನ್ನು ಈಗಲೇ ಡಿಸ್ಕಿಗೆ ಇಳಿಸು ಎಂದು ಕರ್ನೆಲ್ಲಿಗೆ ಹೇಳದೆ ಮುಂದುವರಿಯುತ್ತಿದ್ದವು. ಹಳೆಯದು ಹೋಗಿ ಹೊಸದು ಇನ್ನೂ ಇಳಿಯದ ಆ ಅಂತರದಲ್ಲಿ ಕರೆಂಟು ಹೋದರೆ ಉಳಿಯುವುದು ಬರಿ ಹೆಸರು. ಎಕ್ಸ್ಟ್3ರಲ್ಲಿ ಈ ಅಂತರ ಕಿರಿದಾಗಿದ್ದುದರಿಂದ ತಂತ್ರಾಂಶಗಳ ದೋಷ ಕಣ್ಣಿಗೆ ಬಿದ್ದಿರಲಿಲ್ಲ.

ನಿಯಮದ ಪ್ರಕಾರ ತಪ್ಪು ತಂತ್ರಾಂಶ ಬರೆದವರದೇ ಆಗಿತ್ತು. ಆದರೆ ನಿಯಮ ಗೊತ್ತಿಲ್ಲದ ಬಳಕೆದಾರ ತನ್ನ ಕಡತ ಏಕೆ ಕಳೆದುಕೊಳ್ಳಬೇಕು ಎಂಬ ಪ್ರಶ್ನೆಯೂ ಅಷ್ಟೇ ಗಟ್ಟಿಯಾಗಿ ಎದ್ದಿತು, ವಾದ ಬಿಸಿಯಾಯಿತು. ಕಡತವನ್ನು ಬದಲಾಯಿಸುವ ಇಂತಹ ಸಂದರ್ಭಗಳನ್ನು ವ್ಯವಸ್ಥೆಯೇ ಗುರುತಿಸಿ, ಬರಹವನ್ನು ಮೊದಲು ಡಿಸ್ಕಿಗೆ ಇಳಿಸುವಂತೆ ತ್ಸೊ ತಿದ್ದುಪಡಿ ಬರೆದರು. ಅದೇ ಜೂನಿನಲ್ಲಿ ಬಿಡುಗಡೆಯಾದ 2.6.30 ಆವೃತ್ತಿಯ ಕರ್ನೆಲ್ಲಿನಲ್ಲಿ ಅದು ಎಲ್ಲರಿಗೂ ದೊರೆಯಿತು. ಆ ದೂರು, ಆ ವಾದ, ತಿದ್ದಿದ ಸಾಲುಗಳು ಇಂದಿಗೂ ಯಾರು ಬೇಕಾದರೂ ಓದುವಂತೆ ಇವೆ. ನಾನು ಅವನ್ನು ಓದಿದ್ದೇನೆ. ಹೊಸನಗರದ ಒಂದು ಮನೆಯಲ್ಲಿ ಮಳೆಗಾಲದ ಸಂಜೆ ಹಾಲಿನ ಲೆಕ್ಕ ಉಳಿದದ್ದಕ್ಕೆ ಕಾರಣವನ್ನು, ಅದನ್ನು ಬರೆದವರ ಮಾತಿನಲ್ಲೇ, ಯಾರ ಅಪ್ಪಣೆಯನ್ನೂ ಕೇಳದೆ ಓದಲು ಸಾಧ್ಯವಾಯಿತೆಂಬುದು ನನಗೆ ಈಗಲೂ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇದರ ಹಿಂದಿನ ಚರಿತ್ರೆ ಹಲವರಿಗೆ ಗೊತ್ತಿರುವುದೇ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಮುಕ್ತವಾದ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಾನು ಬರೆದ ಕರ್ನೆಲ್ಲನ್ನು ಹೊರಗಿಟ್ಟರು. ಮರುವರ್ಷ ಅದು ಗ್ನೂ ಪರವಾನಗಿಯಡಿ ಬಂದಿತು. ಆ ಪರವಾನಗಿಯನ್ನು ಊರಿನವರಿಗೆ ವಿವರಿಸುವಾಗ ನಾನು ಮುಯ್ಯಾಳಿನ ಪದ್ಧತಿಯಿಂದ ಆರಂಭಿಸುತ್ತೇನೆ. ನಟ್ಟಿಯ ಹೊತ್ತಿನಲ್ಲಿ ಇವರ ಗದ್ದೆಗೆ ಅವರು, ಅವರ ಗದ್ದೆಗೆ ಇವರು ಹೋಗುವ ಪದ್ಧತಿ ಅದು. ಆದರೆ ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ. ಮುಯ್ಯಿಯನ್ನು ತೀರಿಸಲೇಬೇಕು, ಇಲ್ಲಿ ಬಳಸುವವರು ಏನನ್ನೂ ತೀರಿಸಬೇಕಾಗಿಲ್ಲ. ತಿದ್ದಿ ಇನ್ನೊಬ್ಬರಿಗೆ ಹಂಚುವುದಾದರೆ ಮಾತ್ರ, ತಿದ್ದಿದ್ದರ ಮೂಲವನ್ನೂ ಅದೇ ಷರತ್ತಿನ ಮೇಲೆ ಅವರಿಗೆ ಕೊಡಬೇಕು. ಈ ಒಂದು ಷರತ್ತಿನ ಬಲದಿಂದ ಬೆಳೆದ ಕರ್ನೆಲ್ ಇಂದು ಆಂಡ್ರಾಯ್ಡ್ ಫೋನುಗಳ ಒಳಗೂ ಇದೆ. ಜಗತ್ತಿನ 500 ಅತಿ ವೇಗದ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಪ್ರತಿಯೊಂದೂ ಅದರಿಂದಲೇ ನಡೆಯುತ್ತಿದೆ.

ನನ್ನ ಲ್ಯಾಪ್‌ಟಾಪಿನ 4 ಜಿಬಿ ಮೆಮೊರಿಗೆ ಡೆಬಿಯನ್ ಎಂಬ ಲಿನಕ್ಸ್ ಮತ್ತು ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪ್ ಹಾಕಿಕೊಂಡಿದ್ದೇನೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ದು ಬಿಟ್ಟರೆ ಅದಕ್ಕೆ ಬೇರೆ ಖರ್ಚು ಮಾಡಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ತಕ್ಕಮಟ್ಟಿಗೆ ಹೊಸ ಪ್ರೊಸೆಸರೂ ಬೇಕು. ಹಾಗಾಗಿ ಮೂಲೆಗೆ ಸೇರುತ್ತಿರುವ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಯಂತ್ರಗಳು ನಮ್ಮ ಸುತ್ತಮುತ್ತ ಎಷ್ಟೋ ಇವೆ. ಅವನ್ನು ಗುಜರಿಗೆ ಹಾಕುವ ಮೊದಲು ಒಂದು ಪೆನ್‌ಡ್ರೈವಿನಿಂದ ಲಿನಕ್ಸನ್ನು ನಡೆಸಿ ನೋಡಬಹುದು. ಸ್ಥಾಪಿಸದೆ ಪರೀಕ್ಷಿಸಿದರೆ ಡಿಸ್ಕಿನಲ್ಲಿರುವ ಹಳೆಯ ಕಡತಗಳಿಗೆ ಏನೂ ಆಗುವುದಿಲ್ಲ.

ಕನ್ನಡದ ವಿಚಾರದಲ್ಲಿ ನನ್ನ ಅನುಭವ ಸಂತೋಷದ್ದು. ‘ಸೂರ್ಯ’ ಎಂಬ ಪದವನ್ನು ಯೂನಿಕೋಡಿನಲ್ಲಿ ಉಳಿಸುವಾಗ ಸ, ದೀರ್ಘ ಊಕಾರದ ಚಿಹ್ನೆ, ರ, ಅದರ ಸ್ವರವನ್ನು ತೆಗೆಯುವ ವಿರಾಮದ ಚಿಹ್ನೆ, ಯ ಎಂದು ಐದು ಸಂಕೇತಗಳು ಉಚ್ಚಾರದ ಕ್ರಮದಲ್ಲೇ ಕೂರುತ್ತವೆ. ತೆರೆಯ ಮೇಲೆ ಮಾತ್ರ ರಕಾರವು ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಹೋಗಬೇಕು. ಈ ಜಾಗ ಬದಲಿಸುವ ಕೆಲಸವನ್ನು ಮಾಡುವ ಹಾರ್ಫ್‌ಬಜ್ ಎಂಬ ತಂತ್ರಾಂಶವೂ ಮುಕ್ತವೇ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಎಲ್ಲವೂ ಅದನ್ನು ಬಳಸುತ್ತವೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೂ ಲಿನಕ್ಸಿನಲ್ಲಿ ದೊರೆಯುವುದರಿಂದ ಅದನ್ನು ರೂಢಿಸಿಕೊಂಡವರ ಬೆರಳಿಗೆ ಹೊಸ ಕಲಿಕೆ ಬೇಕಾಗಿಲ್ಲ. ತೊಡಕು ಇರುವುದು ಯೂನಿಕೋಡಿಗೆ ಮೊದಲಿನ ಫಾಂಟುಗಳಲ್ಲಿ ಟೈಪು ಮಾಡಿದ ಹಳೆಯ ಠರಾವುಗಳನ್ನು ತೆರೆಯುವಾಗ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಇಟ್ಟುಕೊಂಡಿರುತ್ತವೆ. ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿಕೊಳ್ಳಬೇಕಾಗುತ್ತದೆ.

ಎಲ್ಲವೂ ಸುಗಮವೆಂದು ಹೇಳಿದರೆ ಓದುಗರಿಗೆ ಮೋಸವಾಗುತ್ತದೆ. ಕೆಲವು ಪ್ರಿಂಟರುಗಳಿಗೆ ಲಿನಕ್ಸಿನ ಚಾಲಕ ತಂತ್ರಾಂಶ ಸಿಗುವುದಿಲ್ಲ. ಕಚೇರಿ ಕೆಲಸಕ್ಕೆ ಬೇಕಾದ ಡಿಜಿಟಲ್ ಸಹಿಯ ಸಾಧನ ನನ್ನ ಲ್ಯಾಪ್‌ಟಾಪಿನಲ್ಲಿ ನಡೆಯದೆ ಬೇರೆಯವರ ಕಂಪ್ಯೂಟರಿಗೆ ಹೋಗಬೇಕಾಗಿ ಬಂದದ್ದೂ ಉಂಟು. ಬದಲಾಯಿಸುವ ಮುನ್ನ ತಮ್ಮ ದಿನನಿತ್ಯದ ಕೆಲಸಕ್ಕೆ ಯಾವ ತಂತ್ರಾಂಶ ಅನಿವಾರ್ಯವೆಂದು ಪ್ರತಿಯೊಬ್ಬರೂ ನೋಡಿಕೊಳ್ಳುವುದು ಒಳ್ಳೆಯದು.

ಈ ವರ್ಷ ಮಳೆ ಹಿಡಿಯುವ ಮೊದಲು ಹಾಲು ಸಂಘದ ಹಳೆಯ ಕಂಪ್ಯೂಟರಿಗೂ ಡೆಬಿಯನ್ ಹಾಕಿದೆವು. ಲೆಕ್ಕವನ್ನು ಅದಕ್ಕೆ ತರುವ ಮುಂಚೆ ಒಂದು ಪರೀಕ್ಷೆ ಆಗಲೇಬೇಕೆಂದು ಕಾರ್ಯದರ್ಶಿಗಳು ಪಟ್ಟು ಹಿಡಿದರು. ಸುಳ್ಳು ಹೆಸರುಗಳ ಒಂದು ಪಟ್ಟಿ ತಯಾರಿಸಿ, ಉಳಿಸಿ, ಒಂದು ನಿಮಿಷ ಕಾದು, ಮತ್ತೆ ಟೈಪು ಮಾಡುತ್ತಿರುವಾಗಲೇ ಅವರು ಗೋಡೆಯ ಸ್ವಿಚ್ ಆರಿಸಿದರು. ಹೀಗೆ ಐದು ಸಲ. ಐದು ಸಲವೂ ಆ ಬಿಳಿ ಸಾಲು ಬಂದು ಹೋಯಿತು, ಉಳಿಸಿದ ಪಟ್ಟಿ ಇದ್ದಂತೆಯೇ ಇತ್ತು.

“ನೀವು ಹೇಳಿದ ಆ ಕಿರ್ದಿ ಎಲ್ಲಿದೆ ಮೇಷ್ಟ್ರೇ, ತೋರಿಸಿ ನೋಡುವ” ಎಂದರು ಅವರು.

ಟರ್ಮಿನಲ್ ತೆರೆದು ಡಿಸ್ಕಿನ ವಿವರಗಳನ್ನು ಕೇಳುವ ಆದೇಶ ಕೊಟ್ಟೆ. ಉದ್ದನೆಯ ಪಟ್ಟಿಯ ಕೊನೆಯ ಭಾಗದಲ್ಲಿ ಜರ್ನಲ್ಲಿನ ಒಟ್ಟು ಗಾತ್ರ 1024 ಎಂಬಿ ಎಂದಿತ್ತು. ಅವರು ಕನ್ನಡಕ ಏರಿಸಿಕೊಂಡು ಆ ಸಾಲನ್ನು ಎರಡು ಸಲ ಓದಿ, ಸಂಘದ ಸಾಮಾನುಗಳ ದಾಖಲೆ ಪುಸ್ತಕವನ್ನು ತೆಗೆದು, ಕಂಪ್ಯೂಟರಿನ ಹೆಸರಿನ ಮುಂದೆ ಕಿರ್ದಿ 1024 ಎಂಬಿ ಎಂದು ಬರೆದುಕೊಂಡರು.