ಕೈ ತೂರದ ಎಂಜಿನ್

ಕೌಲಿಂಗ್, ಅಂದರೆ ಎಂಜಿನ್ನಿನ ಹೊರ ಹೊದಿಕೆ, ಬಿಚ್ಚಿದ ಕೂಡಲೇ ನಾನು ಎಂಜಿನ್ ನೋಡುವುದಿಲ್ಲ, ಅದರ ತಳ ನೋಡುತ್ತೇನೆ. ಎಣ್ಣೆ ನಿಂತಿದೆಯಾ? ಎಲ್ಲಿಂದ ಜಿನುಗಿದೆ? ವಿಮಾನದ ಎಂಜಿನ್ ರಿಪೇರಿಯಲ್ಲೇ ವಯಸ್ಸು ಕಳೆದವನಿಗೆ ಇದೊಂದು ಚಟ. ಒಮ್ಮೆ ಪೈಪಿನ ಒಂದು ಕ್ಲ್ಯಾಂಪ್ ಸಡಿಲಾಗಿದ್ದು ಕಣ್ಣಿಗೆ ಕಾಣುತ್ತಿತ್ತು, ಸ್ಪ್ಯಾನರ್ ಮಾತ್ರ ಅಲ್ಲಿಗೆ ಹೋಗುತ್ತಿರಲಿಲ್ಲ. ಕೊನೆಗೆ ಸಣ್ಣ ಕೈಯ ಟ್ರೈನಿ ಹುಡುಗನೊಬ್ಬನನ್ನು ಕರೆದೆವು. ಬಿಗಿ ಮಾಡಿದ, ಆದರೆ ಮುಂಗೈ ತರಚಿಕೊಂಡೇ ಹೊರಗೆ ಬಂದ. ಹಾಗಾಗಿ ಹೈಂಕೆಲ್ 177ರ ಎಂಜಿನ್ ಫೋಟೊಗಳನ್ನು ನೋಡಿದಾಗ ನನಗೆ ಮೊದಲು ಬಂದ ಯೋಚನೆ ಒಂದೇ: ಇಲ್ಲಿ ಕೈ ಎಲ್ಲಿ ಹಾಕೋದು?

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ದೊಡ್ಡ ಸಂಖ್ಯೆಯಲ್ಲಿ ಕಟ್ಟಿದ ಹೆವಿ ಬಾಂಬರ್ ಇದೊಂದೇ. ಸುಮಾರು 1,100 ತಯಾರಾದವು. ರೆಕ್ಕೆಯ ಅಗಲ 31 ಮೀಟರಿಗೂ ಜಾಸ್ತಿ, ತುಂಬಿದ ತೂಕ ಮೂವತ್ತು ಟನ್ ದಾಟುತ್ತಿತ್ತು. ದೂರದಿಂದ ನೋಡಿದರೆ ಎರಡೇ ಪ್ರೊಪೆಲರ್. ಎರಡು ಎಂಜಿನ್ನಿನ ವಿಮಾನ ಅಂದುಕೊಳ್ಳುತ್ತೀರಿ. ಅಲ್ಲ, ನಾಲ್ಕು. ಹನ್ನೆರಡು ಸಿಲಿಂಡರಿನ ಡೈಮ್ಲರ್ ಬೆಂಜ್ 601 ಎಂಜಿನ್‌ಗಳನ್ನು ಎರಡೆರಡಾಗಿ ಪಕ್ಕಪಕ್ಕ ಇಟ್ಟು, ಮುಂದೆ ಒಂದೇ ಗೇರ್‌ಬಾಕ್ಸಿಗೆ ಜೋಡಿಸಿದ್ದರು. ಆ ಜೋಡಿಯ ಹೆಸರು ಡಿಬಿ 606, ತೂಕ ಒಂದೂವರೆ ಟನ್. ರೆಕ್ಕೆಯ ಮೇಲೆ ನಾಲ್ಕು ಉಬ್ಬಿನ ಬದಲು ಎರಡೇ ಇದ್ದರೆ ಗಾಳಿಯ ತಡೆ ಕಡಿಮೆ, ವೇಗ ಜಾಸ್ತಿ. ಕಾಗದದ ಮೇಲೆ ಲೆಕ್ಕ ಸರಿಯಾಗೇ ಇತ್ತು. ಸರ್ಕಾರ ಕೇಳಿದ್ದೂ ಹಾಗೇ: 1,000 ಕಿಲೋ ಬಾಂಬ್ ಹೊತ್ತು 5,000 ಕಿ.ಮೀ. ಹಾರಬೇಕು, ಗಂಟೆಗೆ 500 ಕಿ.ಮೀ. ಮುಟ್ಟಬೇಕು.

ಈ ಬೇಡಿಕೆ ಹೊರಬಿದ್ದದ್ದು 1936ರ ಜೂನ್ 3ರಂದು. ಜರ್ಮನ್ ವಾಯುಪಡೆಯಲ್ಲಿ ದೊಡ್ಡ ಬಾಂಬರ್ ಬೇಕು ಅಂತ ಪಟ್ಟು ಹಿಡಿದಿದ್ದ ಜನರಲ್ ವಾಲ್ಟರ್ ವೇವರ್ ಸತ್ತದ್ದೂ ಅದೇ ದಿನ. ಡ್ರೆಸ್ಡೆನ್‌ನಲ್ಲಿ ತಾನೇ ಹಾರಿಸುತ್ತಿದ್ದ ವಿಮಾನದ ರೆಕ್ಕೆಯ ಕಂಟ್ರೋಲ್ ಲಾಕ್ (ನಿಂತಾಗ ರೆಕ್ಕೆಯ ಅಲುಗುವ ಫಲಕ ಕದಲದಂತೆ ಹಾಕುವ ಬೀಗ) ತೆಗೆಯದೆ ಮೇಲೇರಿದ್ದ. ನಮ್ಮ ಹ್ಯಾಂಗರಿನಲ್ಲಿ ಆ ಲಾಕಿಗೆ ಕೆಂಪು ಪಟ್ಟಿ ಕಟ್ಟಿರುತ್ತೇವೆ. ಹೊಸ ಹುಡುಗರು ಅದನ್ನು ಅಲಂಕಾರ ಅಂದುಕೊಂಡರೆ ಈ ಕಥೆ ಹೇಳುತ್ತೇನೆ.

1937ರ ನವೆಂಬರಿನಲ್ಲಿ ಇನ್ನೊಂದು ಅಪ್ಪಣೆ ಬಂತು: ಈ ವಿಮಾನ ಕೆಳಗೆ ಧುಮುಕಿ ಬಾಂಬ್ ಹಾಕುವಂತಿರಬೇಕು! ಮೂವತ್ತು ಟನ್ನಿನದಕ್ಕೆ ಇಂಥ ಆಸೆ. ಧುಮುಕಿ ಮತ್ತೆ ಮೇಲೇಳಬೇಕಾದರೆ ಮೈ ಗಟ್ಟಿ ಇರಬೇಕು, ಗಟ್ಟಿ ಅಂದರೆ ತೂಕ. ನಾಲ್ಕು ಎಂಜಿನ್ ಬೇರೆ ಬೇರೆ ಇಟ್ಟುಬಿಡೋಣ ಅಂದರೆ ಈ ಧುಮುಕುವ ಷರತ್ತು ಅಡ್ಡ ಬರುತ್ತಿತ್ತು. 1942ರ ಸೆಪ್ಟೆಂಬರಿನಲ್ಲಿ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಷರತ್ತನ್ನು ಕೈಬಿಟ್ಟ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಇವು ಬೆಸುಗೆ ಹಾಕಿದ ಎಂಜಿನ್‌ಗಳು ಅಂತ ರೇಗಾಡಿದ್ದ. ಬೆಸುಗೆ ಎಲ್ಲೂ ಇರಲಿಲ್ಲ. ಸಿಟ್ಟಿನಲ್ಲಿ ಯಜಮಾನರು ಹೇಳುವ ರೋಗ ಒಂದು, ಇರುವ ರೋಗ ಇನ್ನೊಂದು.

ಇರುವ ರೋಗ ಯಾವುದು? 1939ರ ನವೆಂಬರ್ 19ರ ಮೊದಲ ಹಾರಾಟದಲ್ಲೇ ಗೊತ್ತಾಗಿತ್ತು. ಎಂಜಿನ್ ವಿಪರೀತ ಬಿಸಿಯಾಗಿ ಹನ್ನೆರಡೇ ನಿಮಿಷಕ್ಕೆ ಇಳಿಸಬೇಕಾಯಿತು.

ಎರಡು ಎಂಜಿನ್ ಪಕ್ಕಪಕ್ಕ ಇಟ್ಟಾಗ ಒಳಗಡೆಯ ಎರಡು ಸಾಲು ಸಿಲಿಂಡರುಗಳು ಮುಖಾಮುಖಿಯಾಗುತ್ತವೆ. ಆ ಹನ್ನೆರಡೂ ಸಿಲಿಂಡರಿನ ಹೊಗೆಗೆ ನಡುವೆ ಒಂದೇ ಎಕ್ಸಾಸ್ಟ್. ಒಲೆಯೊಳಗೇ ಇನ್ನೊಂದು ಒಲೆ ಇಟ್ಟ ಹಾಗೆ. ಕೌಲಿಂಗಿನ ತಳದಲ್ಲಿ ಜಿನುಗಿದ ಎಣ್ಣೆ, ಗ್ರೀಸ್ ಕೂತಿರುತ್ತಿತ್ತು, ಅದು ಕೆಂಡದಂತಾದ ಆ ಎಕ್ಸಾಸ್ಟಿನ ಬಿಸಿಗೆ ಹೊತ್ತಿಕೊಳ್ಳುತ್ತಿತ್ತು. ಥ್ರಾಟಲ್ ಇಳಿಸಿದರೂ ಇಂಧನದ ಪಂಪು ತಕ್ಷಣ ಕಡಿಮೆ ಮಾಡುತ್ತಿರಲಿಲ್ಲ, ಹೆಚ್ಚುವರಿ ಪೆಟ್ರೋಲ್ ಒಳಗೆ ಬರುತ್ತಲೇ ಇರುತ್ತಿತ್ತು. ಮೇಲೆ ಹೋದಂತೆ ಎಣ್ಣೆ ನೊರೆಯಾಗುತ್ತಿತ್ತು. ನೊರೆಗೆ ಜಿಡ್ಡಿಲ್ಲವಲ್ಲ, ಬೇರಿಂಗ್ ಒಣಗಿ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ನಿನ ಹೊಟ್ಟೆಯಾದ ಕ್ರ್ಯಾಂಕ್‌ಕೇಸನ್ನೇ ಸೀಳಿಕೊಂಡು ಹೊರಬರುತ್ತಿತ್ತು. ಇಷ್ಟೆಲ್ಲ ಇದ್ದೂ ಬೆಂಕಿ ತಡೆಯುವ ಗೋಡೆ, ಫೈರ್‌ವಾಲ್, ಇರಲಿಲ್ಲ. ಎಂಜಿನ್ನು ರೆಕ್ಕೆಯ ಸ್ಪಾರಿಗೆ, ಅಂದರೆ ರೆಕ್ಕೆಯೊಳಗಿನ ಮುಖ್ಯ ತೊಲೆಗೆ, ಒತ್ತಿಕೊಂಡು ಕೂತಿತ್ತು. ಉಳಿದ ಕಿರಿದಾದ ಸಂದಿಯಲ್ಲಿ ಪೆಟ್ರೋಲ್ ಪೈಪು, ಎಣ್ಣೆ ಪೈಪು, ವೈರು, ಎಲ್ಲವೂ ಒಂದರ ಮೇಲೊಂದು.

ಎರಡು ಎಂಜಿನ್ ಜೋಡಿಸಿದ್ದೇ ಮೂರ್ಖತನ ಅಂತ ಹೇಳುವವರ ಜೊತೆ ನಾನು ಪೂರ್ತಿ ಒಪ್ಪುವುದಿಲ್ಲ. ಜೋಡಿಸಿ, ಆದರೆ ಸುತ್ತ ಜಾಗ ಬಿಡಿ. ಇದೇ ವಿಮಾನದ ಎ-3 ಮಾದರಿಯಲ್ಲಿ ಮಾಡಿದ್ದು ಅದನ್ನೇ ಅಲ್ವಾ? ಎಂಜಿನ್ನನ್ನು 20 ಸೆಂಟಿಮೀಟರ್ ಮುಂದಕ್ಕೆ ತಂದರು. ಒಂದು ಗೇಣು, ಅಷ್ಟೇ. ಇನ್ನೂ ಹತ್ತಾರು ತಿದ್ದುಪಡಿಗಳ ಜೊತೆ ಬೆಂಕಿಯ ಕಾಟ ನಿಧಾನಕ್ಕೆ ಇಳಿಯಿತು. ಅಷ್ಟರಲ್ಲಿ ಹುಡುಗರು ವಿಮಾನಕ್ಕೆ 'ಸರ್ಕಾರಿ ಲೈಟರ್' ಅನ್ನೋ ಅರ್ಥದ ಹೆಸರಿಟ್ಟಾಗಿತ್ತು. 1943ರ ಜನವರಿಯಲ್ಲಿ ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಬಿದ್ದ ಸೈನ್ಯಕ್ಕೆ ಸಾಮಾನು ಸಾಗಿಸಲೂ ಇದನ್ನು ಹಚ್ಚಿದರು. ಆ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ.

1944ರ ಫೆಬ್ರವರಿ 13ರಂದು ಲಂಡನ್ ದಾಳಿಗೆ ಹೊರಟವರನ್ನು ಬೀಳ್ಕೊಡಲು ಗೋರಿಂಗ್ ತಾನೇ ರೈನೆ ನೆಲೆಗೆ ಬಂದಿದ್ದ. ಹದಿನಾಲ್ಕು ವಿಮಾನ ರನ್‌ವೇ ಕಡೆ ಹೊರಟವು. ಒಂದರ ಟೈರ್ ಸಿಡಿಯಿತು. ಹದಿಮೂರು ಮೇಲೇರಿದವು. ಅವುಗಳಲ್ಲಿ ಎಂಟು ವಿಮಾನ, ಎಂಜಿನ್ ಬಿಸಿಯಾಗಿಯೋ ಹೊತ್ತಿಕೊಂಡೋ ಸ್ವಲ್ಪ ಹೊತ್ತಿನಲ್ಲೇ ವಾಪಸ್. ಲಂಡನ್ ಮುಟ್ಟಿದ್ದು ನಾಲ್ಕು. ನೆಲದಲ್ಲಿ ನಿಂತಿದ್ದ ಮೆಕ್ಯಾನಿಕ್‌ಗಳ ಮುಖ ಹೇಗಿದ್ದಿರಬೇಕು ಅಂತ ನಾನು ಊಹಿಸಬಲ್ಲೆ. ಆದರೂ ಒಂದು ಮಾತು ಹೇಳಬೇಕು. ಗುರಿ ತನಕ ಹೋದವು ಎತ್ತರದಿಂದ ಓರೆಯಾಗಿ ಇಳಿಯುತ್ತಾ ಗಂಟೆಗೆ ಸುಮಾರು 700 ಕಿ.ಮೀ. ವೇಗದಲ್ಲಿ ಪಾರಾಗುತ್ತಿದ್ದವು, ಉಳಿದ ಜರ್ಮನ್ ಬಾಂಬರ್‌ಗಳಿಗಿಂತ ಇವಕ್ಕೆ ನಷ್ಟ ಕಡಿಮೆ.

ಸಮುದ್ರದ ಮೇಲೆ ಕೆಲಸ ಬೇರೆ. ಫ್ರಾನ್ಸಿನ ಬೋರ್ಡೋ ಬಳಿಯ ನೆಲೆಯಿಂದ ಹೊರಟು, ರೇಡಿಯೊದಿಂದ ನಡೆಸುವ ಹೆಚ್‌ಎಸ್ 293 ಗ್ಲೈಡ್ ಬಾಂಬನ್ನು ಹಡಗುಗಳ ಮೇಲೆ ಬಿಡುತ್ತಿದ್ದವು. 1943ರ ನವೆಂಬರ್ 26ರಂದು ಅಲ್ಜೀರಿಯಾ ಕರಾವಳಿಯಾಚೆ ಅಂಥ ಒಂದು ಬಾಂಬ್ 'ರೋಹ್ನಾ' ಎಂಬ ಹಡಗಿಗೆ ಬಡಿಯಿತು. ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ರೋಹ್ನಾ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯದು, ಖಲಾಸಿಗಳಲ್ಲಿ ಹೆಚ್ಚಿನವರು ಭಾರತದವರು. ಅವರಲ್ಲೂ ಬಹಳ ಜನ ಮುಳುಗಿದರು. ಯುದ್ಧದ ಗುಟ್ಟು ಅಂತ ಈ ಸುದ್ದಿಯನ್ನು ಮುಚ್ಚಿಟ್ಟಿದ್ದರು. ಎಂಜಿನ್ ಬಗ್ಗೆ ತಮಾಷೆ ಮಾಡುವಾಗಲೆಲ್ಲ ಈ ದಿನ ನೆನಪಾಗಿ ನಾನು ಸುಮ್ಮನಾಗುತ್ತೇನೆ.

1944ರ ಬೇಸಿಗೆ ಹೊತ್ತಿಗೆ ಎಂಜಿನ್ ಒಂದು ಹದಕ್ಕೆ ಬಂದಿತ್ತು. ಪೂರ್ವ ಪ್ರಷ್ಯಾದಲ್ಲಿ ಹಾರ್ಸ್ಟ್ ಫಾನ್ ರೀಸನ್ ಎಂಬ ಅಧಿಕಾರಿಯ ಕೈಯಲ್ಲಿ ಸುಮಾರು 90 ವಿಮಾನ ಇದ್ದವು. ರಷ್ಯಾದ ವೆಲಿಕಿಯೆ ಲುಕಿ ರೈಲ್ವೆ ಕೇಂದ್ರದ ಮೇಲೆ ಒಂದೇ ಸಲ 87 ವಿಮಾನ ಕಳಿಸಿದ. ಆ ಒಂದು ದಾಳಿಗೆ ಸುಮಾರು 480 ಟನ್ ಪೆಟ್ರೋಲ್. ಜರ್ಮನಿಯ ಇಂಧನದ ಕಾರ್ಖಾನೆಗಳ ಮೇಲೆ ಅದೇ ಹೊತ್ತಿನಲ್ಲಿ ಅಮೆರಿಕನ್ ಬಾಂಬರ್‌ಗಳು ಬಾಂಬ್ ಸುರಿಸುತ್ತಿದ್ದವು. ಜುಲೈಯಲ್ಲಿ ಇವೇ ವಿಮಾನಗಳನ್ನು ಟ್ಯಾಂಕ್ ಹೊಡೆಯಲು ನೆಲಕ್ಕೆ ಹತ್ತಿರದಲ್ಲಿ ಹಾರಿಸು ಅಂತ ಗೋರಿಂಗ್ ಹೇಳಿದ, ಹೋದವುಗಳಲ್ಲಿ ಕಾಲು ಭಾಗದಷ್ಟು ಹಿಂದಿರುಗಲಿಲ್ಲ. ಆಮೇಲೆ ಪೆಟ್ರೋಲ್ ಇಲ್ಲದೆ ವಿಮಾನಗಳು ನಿಂತೇಬಿಟ್ಟವು.

ನಾಲ್ಕು ಎಂಜಿನ್ನನ್ನೂ ಬೇರೆ ಬೇರೆ ಇಟ್ಟ ಮುಂದಿನ ಮಾದರಿ, ಹೈಂಕೆಲ್ 274, ಫ್ರಾನ್ಸಿನಲ್ಲಿ ತಯಾರಾಗುತ್ತಿತ್ತು. ಅದು ಮೊದಲು ಹಾರಿದ್ದು 1945ರ ಡಿಸೆಂಬರಿನಲ್ಲಿ. ಹಾರಿಸಿದವರು ಫ್ರೆಂಚರು.